ಹೊಲಿಗೆ ಕೆಂಪಾದರೆ: ತೂಕ ಇಳಿಸುವ ಆಪರೇಷನ್ ಆಗಿ ಮನೆಗೆ ಬಂದವರಿಗೆ

ಮನೆಗೆ ಬಂದಾಗ ಎಲ್ಲ ಸರಿಯಿತ್ತು. ವಾರ ಕಳೆಯುವಷ್ಟರಲ್ಲಿ ಒಂದು ಹೊಲಿಗೆಯ ಸುತ್ತ ಕೆಂಪು, ಮುಟ್ಟಿದರೆ ಬಿಸಿ, ಒಳಉಡುಪಿಗೆ ಹಳದಿ ಕಲೆ. ಈ ಸೂಚನೆ ಅಂಥವರಿಗಾಗಿ. ನಿಮಗಾದದ್ದು ಜಠರದ ಸ್ಲೀವ್ ಆಗಿರಲಿ, ಬೈಪಾಸ್ ಆಗಿರಲಿ, ನೀವೂ ಓದಿ, ಮನೆಯಲ್ಲಿ ಅಡುಗೆ ಮಾಡುವವರಿಗೂ ಓದಿಸಿ.

ಮುಚ್ಚಿಡಬೇಡಿ. ಆಪರೇಷನ್ ಮಾಡಿಸಿಕೊಂಡದ್ದನ್ನೇ ನೆಂಟರಿಗೆ ಹೇಳದವರು ಬಹಳ ಮಂದಿ. ಕೀವು ಬಂದಾಗ ಅವರು ಇನ್ನಷ್ಟು ಕುಗ್ಗಿಹೋಗುತ್ತಾರೆ. ಆದರೆ ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ: ಚರ್ಮದಡಿ ಕೊಬ್ಬಿನ ಪದರ ದಪ್ಪವಿದ್ದರೆ ಅಲ್ಲಿಗೆ ರಕ್ತದ ಓಡಾಟ ಕಡಿಮೆ. ಸಕ್ಕರೆ ಕಾಯಿಲೆಯೂ ಇದ್ದರೆ ಸೋಂಕು ತಗಲುವುದು ಇನ್ನೂ ಸುಲಭ. ಸ್ಲೀವ್‌ನಲ್ಲಿ ಕತ್ತರಿಸಿದ ಜಠರದ ತುಂಡನ್ನು ಯಾವ ತೂತಿನಿಂದ ಹೊರಗೆಳೆದಿರುತ್ತಾರೋ, ಕೀವು ಹೆಚ್ಚಾಗಿ ಕಾಣುವುದು ಅಲ್ಲೇ. ನೀವು ಕೊಳಕಾಗಿದ್ದಿರಿ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಕೆಂಪು ಕಂಡ ದಿನವೇ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ.

ಕಾಯಲೇಬಾರದ ಲಕ್ಷಣಗಳು

ಚರ್ಮದ ಸೋಂಕು ಬೇರೆ, ಒಳಗೆ ಸ್ಟೇಪಲ್ ಹಾಕಿದ ಜಾಗ ಸೋರುವುದು ಬೇರೆ. ಎರಡನೆಯದು ಜೀವಕ್ಕೆ ಅಪಾಯ. ಸುಮ್ಮನೆ ಕುಳಿತಿದ್ದಾಗಲೂ ನಾಡಿ ನಿಮಿಷಕ್ಕೆ 120 ದಾಟುತ್ತಿದ್ದರೆ, ಹೊಟ್ಟೆನೋವು ಏರುತ್ತಲೇ ಇದ್ದರೆ, ಎಡ ಭುಜದಲ್ಲಿ ನೋವು, ಏದುಸಿರು, ಕಾರಣವಿಲ್ಲದ ತಳಮಳ ಇದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಜ್ವರ ಬರಲಿ ನೋಡೋಣ ಎನ್ನಬೇಡಿ, ಜ್ವರ ಇಲ್ಲದೆಯೂ ಸೋರಿಕೆ ಆಗಬಹುದು. ಗ್ಯಾಸ್ ಎಂದು ಇನೋ ಕುಡಿದು ಮಲಗಬೇಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಹಾಕಿ, ಅದರಲ್ಲಿ ನಾಡಿಯೂ ಕಾಣುತ್ತದೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಕೆಂಪು ಹರಡುತ್ತಿದ್ದರೆ, ಗಾಯ ನಾರುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೂ ಹಾಗೆಯೇ. ಅದು ರಕ್ತ ಹೆಪ್ಪುಗಟ್ಟಿದ ಗುರುತಾಗಿರಬಹುದು.

ಗಾಯದ ಆರೈಕೆ

ಅರಿಶಿನ, ಕಾಫಿಪುಡಿ, ತುಪ್ಪ, ಟಾಲ್ಕಂ ಪೌಡರ್ ಯಾವುದನ್ನೂ ಹಚ್ಚಬೇಡಿ. ಬಾಯಿ ತೆರೆದ ಗಾಯಕ್ಕೆ ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ಹೊಸದಾಗಿ ಹುಟ್ಟುತ್ತಿರುವ ಮಾಂಸವನ್ನೂ ಅವು ಸುಡುತ್ತವೆ. ಹಿಸುಕಿ ಕೀವು ತೆಗೆಯಬೇಡಿ, ಹೊಲಿಗೆಯ ದಾರ ಎಳೆಯಬೇಡಿ.

ಡ್ರೆಸಿಂಗ್ ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ ಕೈ ತೊಳೆಯಿರಿ. ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ದಿನವೂ ಅದೇ ಹೊತ್ತಿಗೆ, ಅದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. "ಸ್ವಲ್ಪ ಜಾಸ್ತಿ ಆದ ಹಾಗಿದೆ ಡಾಕ್ಟ್ರೇ" ಎಂಬ ಮಾತಿಗಿಂತ ಗೆರೆ ದಾಟಿದ ಕೆಂಪು ಅವರಿಗೆ ಬೇಗ ಅರ್ಥವಾಗುತ್ತದೆ.

ಕೀವು ತೆಗೆದ ಮೇಲೆ ಡಾಕ್ಟರು ತೂತನ್ನು ಹೊಲಿಯದೆ ಬಿಟ್ಟು ಗಾಜ್ ಬತ್ತಿ ತುರುಕಿದರೆ ಗಾಬರಿಯಾಗಬೇಡಿ, ಹೊಲಿದುಬಿಡಿ ಎಂದು ಒತ್ತಾಯಿಸಲೂ ಬೇಡಿ. ಇಂಥ ಗಾಯ ತಳದಿಂದ ಮೇಲಕ್ಕೆ ತುಂಬಿ ಬರಬೇಕು. ಮೇಲಿನ ಚರ್ಮ ಮೊದಲೇ ಕೂಡಿಕೊಂಡರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಬತ್ತಿ ತೆಗೆದಾಗ ತಳದಲ್ಲಿ ದಾಳಿಂಬೆ ಕಾಳಿನಂತೆ ಕೆಂಪಗೆ, ಹರಳುಹರಳಾಗಿ ಮಾಂಸ ಕಂಡರೆ ಗಾಯ ಮಾಯುತ್ತಿದೆ ಎಂದೇ ತಿಳಿಯಿರಿ. ಮುಟ್ಟಿದರೆ ಅದರಿಂದ ಚೂರು ರಕ್ತ ಒಸರುವುದೂ ಉಂಟು. ತುಂಬಿಕೊಳ್ಳಲು ವಾರಗಳೇ ಬೇಕು.

ಹೊಟ್ಟೆಯ ಮಡಿಕೆಯಡಿ ಬೆವರು ನಿಲ್ಲದಂತೆ ಒಗೆದು ಒಣಗಿಸಿದ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಬೆವರಿನಲ್ಲಿ ನೆಂದ ಬೆಲ್ಟನ್ನು ಬಿಗಿದುಕೊಂಡಿರಬೇಡಿ. ಎಣ್ಣೆಸ್ನಾನ, ಈಜು ಬೇಡ. ಗ್ಯಾಸ್ ಸಿಲಿಂಡರ್, ತುಂಬಿದ ಬಕೆಟ್ ಎತ್ತಬೇಡಿ. ಮನೆಯೊಳಗೆ ಓಡಾಡುವುದನ್ನು ಮಾತ್ರ ಬಿಡಬೇಡಿ. ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಪೂರ್ತಿ ನಿಲ್ಲಿಸಿ.

ಊಟ: ಇಲ್ಲೇ ಹೆಚ್ಚು ಜನ ಎಡವುವುದು

ನಮ್ಮ ಮನೆಗಳಲ್ಲಿ ಗಾಯವಾದವರಿಗೆ ಮೊದಲು ಹೇರುವುದು ಪಥ್ಯ. "ಬೇಳೆ ನಂಜು, ಮೊಟ್ಟೆ ನಂಜು, ಮೊಸರು ತಿಂದರೆ ಕೀವಾಗುತ್ತೆ, ಬರೀ ಗಂಜಿ ಕೊಡಿ" ಎನ್ನುತ್ತಾರೆ. ಹೇಳುವ ಅಜ್ಜಿಗೆ ನಿಮ್ಮ ಮೇಲೆ ಪ್ರೀತಿ ಇದೆ, ಅದನ್ನು ಗೌರವಿಸಿ. ಆದರೆ ಈ ಪಥ್ಯ ಮಾಡಬೇಡಿ. ಗಾಯ ತುಂಬುವುದು ಪ್ರೋಟೀನಿನಿಂದ, ನಿಮ್ಮ ಹೊಟ್ಟೆಯೋ ಈಗ ಕೆಲವೇ ಗುಟುಕು ಹಿಡಿಯುತ್ತದೆ. ಆ ಗುಟುಕನ್ನೂ ತಿಳಿಸಾರು, ಅಕ್ಕಿಗಂಜಿಗಳಿಂದ ತುಂಬಿಸಿದರೆ ಗಾಯಕ್ಕೆ ಏನೂ ಉಳಿಯುವುದಿಲ್ಲ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಲೆಕ್ಕ ಹಾಕಿದರೆ ಊಟವೊಂದರಿಂದಲೇ ಇದು ಕೂಡುವುದು ಕಷ್ಟ ಎಂದು ನಿಮಗೇ ಗೊತ್ತಾಗುತ್ತದೆ. ಡಯಟೀಷಿಯನ್ ಹೇಳಿದ ಪ್ರೋಟೀನ್ ಪುಡಿಯನ್ನು ಅದಕ್ಕೇ ಬಿಡಬಾರದು. ಯಾವ ವಾರ ದ್ರವ, ಯಾವ ವಾರ ಮಸೆದ ಆಹಾರ ಎಂದು ಅವರು ಬರೆದುಕೊಟ್ಟಿರುತ್ತಾರೆ, ಅದನ್ನು ದಾಟಬೇಡಿ. ಅದರೊಳಗೇ ಸೋಸಿದ ಬೇಳೆಕಟ್ಟು, ಮಜ್ಜಿಗೆ, ಆಮೇಲೆ ಗಟ್ಟಿ ಮೊಸರು, ಮಸೆದ ಪನೀರು, ಮೆತ್ತಗಿನ ಮೊಟ್ಟೆಗೆ ಮೊದಲ ಜಾಗ ಕೊಡಿ. ಶಕ್ತಿ ಬರಲೆಂದು ಬೆಲ್ಲದ ಪಾನಕ, ಸಕ್ಕರೆ ಹಾಕಿದ ಮಾಲ್ಟ್ ಕುಡಿಸಬೇಡಿ. ಬೈಪಾಸ್ ಆದವರಿಗೆ ಅದರಿಂದ ಬೆವರು, ತಲೆಸುತ್ತು, ಭೇದಿ ಬರಬಹುದು. ನೀರು ಗಟಗಟ ಬೇಡ, ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ.

ವಾಂತಿ ನಿಲ್ಲದೆ ಹೋದರೆ ಹತ್ತಿರದ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡು ಬರಬೇಡಿ. ಈ ಆಪರೇಷನ್ ಆದವರಲ್ಲಿ ವಾಂತಿಯಿಂದ ಬಿ1 ವಿಟಮಿನ್ ಬೇಗ ಬರಿದಾಗುತ್ತದೆ. ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು. ನೋಟ ಎರಡೆರಡಾಗಿ ಕಂಡರೆ, ನಡೆಯುವಾಗ ತೂರಾಡಿದರೆ ಅದು ತುರ್ತು.

ಮಾತ್ರೆ

ಮೆಡಿಕಲ್ ಸ್ಟೋರಿನವರನ್ನು ಕೇಳಿ ಆಂಟಿಬಯಾಟಿಕ್ ತರಬೇಡಿ. ಡಾಕ್ಟರು ಕೊಟ್ಟದ್ದನ್ನು ಕೀವು ನಿಂತಿತೆಂದು ನಡುವೆ ಬಿಡಬೇಡಿ. ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಬರೆದಿದ್ದರೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ಜೊತೆಯಲ್ಲೇ ನುಂಗಬೇಡಿ, ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎಷ್ಟು ಗಂಟೆ ಅಂತರ ಎಂದು ಕೇಳಿಕೊಳ್ಳಿ. ಕೇಳದೆ ಯಾವ ಮಾತ್ರೆಯನ್ನೂ ಪುಡಿ ಮಾಡಬೇಡಿ.

ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ, ಮುಖ್ಯವಾಗಿ ಬೈಪಾಸ್ ಆದವರಿಗೆ. ಜಠರವನ್ನು ಕರುಳಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಬಹುದು. ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಸಾಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸದೆ ಕೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ ಸೋಂಕು ಇರುವಾಗ ರಕ್ತದ ಸಕ್ಕರೆ ಏರುತ್ತದೆ, ಪರೀಕ್ಷಿಸಿ ಬರೆದಿಡಿ. ಅದರ ಹಳೆಯ ಮಾತ್ರೆಯನ್ನೋ ಇನ್ಸುಲಿನನ್ನೋ ಡಾಕ್ಟರನ್ನು ಕೇಳದೆ ಹಳೆಯ ಪ್ರಮಾಣದಲ್ಲಿ ಮತ್ತೆ ಶುರುಮಾಡಬೇಡಿ.

ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ

ನಡುರಾತ್ರಿ 108ಕ್ಕೆ ಕರೆ ಮಾಡಿದಾಗ ಹತ್ತಿರದ ಆಸ್ಪತ್ರೆಗೇ ಕರೆದೊಯ್ಯಬಹುದು. ಡಿಸ್ಚಾರ್ಜ್ ಸಮ್ಮರಿ ಕೈಚೀಲದಲ್ಲೇ ಇರಲಿ, ಅದರ ಫೋಟೋ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲಿ. ಹೋದ ಕೂಡಲೇ ಯಾವ ಆಪರೇಷನ್, ಯಾವ ತಾರೀಖಿಗೆ ಆಯಿತು ಎಂದು ಹೇಳಿ. ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸುವ ಮಾತು ಬಂದರೆ, ಮೊದಲು ನಿಮ್ಮ ಸರ್ಜನ್ ಜೊತೆ ಫೋನಿನಲ್ಲಿ ಮಾತಾಡುವಂತೆ ಕೇಳಿಕೊಳ್ಳಿ. ಆ ಟ್ಯೂಬ್ ತಗಲಿ ಒಳಗಿನ ಹೊಸ ಹೊಲಿಗೆ ಹರಿದುಹೋಗಬಹುದು. ನಿಮಗೆ ಮಾತಾಡುವ ಶಕ್ತಿ ಇಲ್ಲದಿದ್ದರೆ ಇದನ್ನು ಜೊತೆಗೆ ಬಂದವರು ಹೇಳಬೇಕು, ಹಾಗಾಗಿ ಅವರಿಗೆ ಇವತ್ತೇ ಹೇಳಿಕೊಡಿ.