ಪಾಸ್‌ವರ್ಡ್ ಸರಿಯಿದ್ದರೂ ಲಾಗಿನ್ ಆಗದಿದ್ದರೆ



ಕಾಯಿಸಿದ ಹಾಲು ಒಡೆದ ಮಾತ್ರಕ್ಕೆ ಅದು ಹುಳಿ ಹಾಲೆಂದು ಹೇಳಲಾಗದು. ಗಿಣ್ಣುಹಾಲು ಬೆರೆತಿರಬಹುದು, ಕೆಚ್ಚಲು ಬಾವಿನ ಹಾಲೂ ಆಗಿರಬಹುದು. ಕಂಪ್ಯೂಟರಿನ ‘ಲಾಗಿನ್ ವಿಫಲ’ ಎಂಬ ಬರಹವೂ ಹೀಗೆಯೇ. ಬರಹ ಒಂದೇ, ಕಾರಣಗಳು ಹಲವು. ಇದನ್ನರಿಯದೆ ಬಟವಾಡೆಯ ದಿನ ಕಾರ್ಯದರ್ಶಿಯವರು ಮತ್ತೆ ಮತ್ತೆ ಪಾಸ್‌ವರ್ಡ್ ಒತ್ತಿದರೆ ಖಾತೆಗೆ ಬೀಗ ಬಿದ್ದು ಎಲ್ಲರ ಬಿಲ್ಲೂ ನಿಲ್ಲುತ್ತದೆ.

ದೊಡ್ಡ ಸಂಸ್ಥೆಗಳಲ್ಲಿ ಲಾಗಿನ್ ಪುಟವು ಪಾಸ್‌ವರ್ಡುಗಳನ್ನು ತನ್ನಲ್ಲಿ ಇಟ್ಟುಕೊಂಡಿರುವುದಿಲ್ಲ. ಬೇರೊಂದು ಕಂಪ್ಯೂಟರಿನಲ್ಲಿರುವ ‘ಡೈರೆಕ್ಟರಿ’ಯನ್ನು ಕೇಳುತ್ತದೆ. ಇದು ಸಂಘದ ಸದಸ್ಯತ್ವ ರಿಜಿಸ್ಟರ್ ಇದ್ದಂತೆ. ಹೀಗೆ ಕೇಳುವ ಕ್ರಮಕ್ಕೆ ಎಲ್‌ಡ್ಯಾಪ್ ಎಂದು ಹೆಸರು. 1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಸಾಮಾನ್ಯವಾಗಿ ಲಾಗಿನ್ ಪುಟವು ಮೊದಲು ತನ್ನದೇ ಖಾತೆಯಿಂದ ಡೈರೆಕ್ಟರಿಯೊಳಗೆ ಹೋಗಿ ನಿಮ್ಮ ಹೆಸರನ್ನು ಹುಡುಕುತ್ತದೆ. ಸಿಕ್ಕ ಮೇಲೆ ನಿಮ್ಮ ಪಾಸ್‌ವರ್ಡ್ ಕೊಟ್ಟು ಒಪ್ಪಿಗೆ ಕೇಳುತ್ತದೆ.

ಆದುದರಿಂದ ತೊಂದರೆ ಒಬ್ಬರಿಗೋ ಎಲ್ಲರಿಗೋ ಎಂಬುದನ್ನು ಮೊದಲು ವಿಚಾರಿಸಿ. ಎಲ್ಲರಿಗೂ ಆದರೆ ನಿಮ್ಮ ಪಾಸ್‌ವರ್ಡಿನ ದೋಷವಲ್ಲ. 389 ಅಥವಾ 636ನೇ ಪೋರ್ಟಿನ ಸಂಪರ್ಕ ಕಡಿದಿರಬಹುದು. ಅನೇಕ ಸಲ ಆಗುವುದೆಂದರೆ, ಪುಟದ ಸ್ವಂತ ಖಾತೆಯ ಪಾಸ್‌ವರ್ಡನ್ನು ಡೈರೆಕ್ಟರಿಯಲ್ಲಿ ಬದಲಿಸಿದವರು ಪುಟದಲ್ಲಿ ತಿದ್ದಲು ಮರೆತಿರುತ್ತಾರೆ.

ಒಬ್ಬರಿಗೇ ಆದರೆ ಒಕ್ಕೂಟದ ಕಂಪ್ಯೂಟರ್ ವಿಭಾಗದವರು ದೋಷಗಳ ದಾಖಲೆ ನೋಡಬೇಕು. ಹೆಸರೇ ಸಿಗದಿದ್ದರೆ, ಬೇರೆ ತಾಲ್ಲೂಕಿನ ಪುಟ ತಿರುವಿದಂತೆ, ಡೈರೆಕ್ಟರಿಯ ತಪ್ಪು ಕೊಂಬೆಯಲ್ಲಿ ಹುಡುಕಿರುವ ಸಂಭವವಿದೆ. ಹೆಸರು ಸಿಕ್ಕಿಯೂ ಒಪ್ಪಿಗೆ ದೊರೆಯದಿದ್ದರೆ 49 ಎಂಬ ದೋಷ ಬರುತ್ತದೆ. ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಾದರೆ ಅದರ ಜೊತೆ ಉಪಸಂಖ್ಯೆಯೂ ಇರುತ್ತದೆ: 52ಇ ಎಂದರೆ ಪಾಸ್‌ವರ್ಡ್ ತಪ್ಪು, 532 ಎಂದರೆ ಅದರ ಅವಧಿ ಮುಗಿದಿದೆ, 533 ಎಂದರೆ ಖಾತೆಯನ್ನು ನಿಲ್ಲಿಸಲಾಗಿದೆ, 775 ಎಂದರೆ ಬೀಗ ಬಿದ್ದಿದೆ. ಬೀಗ ಬಿದ್ದ ಮೇಲೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ತೆರೆಯದು. ಒತ್ತುವುದನ್ನು ನಿಲ್ಲಿಸಿ ಫೋನ್ ಮಾಡಿ. ಬಿಡಿಸಿದರೂ ಮತ್ತೆ ಬೀಗ ಬೀಳುತ್ತಿದ್ದರೆ, ಯಾವುದೋ ಮೊಬೈಲಿನಲ್ಲಿ ಉಳಿದ ಹಳೆಯ ಪಾಸ್‌ವರ್ಡ್ ತಾನಾಗಿಯೇ ಪ್ರಯತ್ನಿಸುತ್ತಿರಬಹುದು.

ಇದಕ್ಕಿಂತ ಅಪಾಯದ್ದು, ತೆರೆಯಬಾರದ ಪುಟ ತೆರೆಯುವುದು. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟರೆ ಕೆಲವು ಡೈರೆಕ್ಟರಿಗಳು ಅದನ್ನು ಅನಾಮಧೇಯ ಭೇಟಿಯೆಂದು ಎಣಿಸಿ ‘ಸರಿ’ ಎನ್ನುತ್ತವೆ. ಪುಟವು ಖಾಲಿ ಪಾಸ್‌ವರ್ಡನ್ನು ಮೊದಲೇ ತಿರಸ್ಕರಿಸದಿದ್ದರೆ ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಒಳಹೊಕ್ಕಾರು. ನಿಮ್ಮ ಸ್ವಂತ ಖಾತೆಯಲ್ಲಿ ಒಮ್ಮೆ ಖಾಲಿ ಬಿಟ್ಟು ಒತ್ತಿ ನೋಡಿ. ತೆರೆದರೆ ಅಂದೇ ಒಕ್ಕೂಟಕ್ಕೆ ತಿಳಿಸಿ.