ವಸ್ತುವಿನ ಸ್ಥಾನ ಮತ್ತು ಚಲನೆ: ಬೆಂಗಳೂರಿನ ಓಕಳಿಪುರಂ ಉದಾಹರಣೆಗಳೊಂದಿಗೆ

1. ಉಲ್ಲೇಖ ಬಿಂದು: ಸ್ಥಾನ ಹೇಳಲು ಕಡ್ಡಾಯ. 'ಮೆಜೆಸ್ಟಿಕ್‌ನಿಂದ ಎಷ್ಟು ದೂರ, ಯಾವ ದಿಕ್ಕು' ಎಂದಾಗ ಮಾತ್ರ ಓಕಳಿಪುರಂ ಸ್ಥಾನ ಸ್ಪಷ್ಟ.

2. ಚಲನೆ ಸಾಪೇಕ್ಷ: ಓಕಳಿಪುರಂ ದಾಟುವ ರೈಲಿನಲ್ಲಿ ಕುಳಿತವರು ಬೋಗಿಗೆ ಹೋಲಿಸಿದರೆ ನಿಶ್ಚಲ, ಹಳಿಗೆ ಹೋಲಿಸಿದರೆ ಚಲನೆಯಲ್ಲಿ.

3. ದೂರ (ಅದಿಶ), ಸ್ಥಾನಪಲ್ಲಟ (ಸದಿಶ): ಓಕಳಿಪುರಂ ಕೆಳಸೇತುವೆಯಿಂದ ಉತ್ತರಕ್ಕೆ 400 ಮೀ., ನಂತರ ಪೂರ್ವಕ್ಕೆ 300 ಮೀ. ನಡೆದಿರಿ ಎಂದುಕೊಳ್ಳಿ.
• ದೂರ 700 ಮೀ.
• ಸ್ಥಾನಪಲ್ಲಟ 500 ಮೀ.
• ಹೊರಟಲ್ಲಿಗೇ ಮರಳಿದರೆ ಸ್ಥಾನಪಲ್ಲಟ ಸೊನ್ನೆ.

4. ಸೂತ್ರಗಳು
• ಜವ (ಅದಿಶ) = ದೂರ ÷ ಕಾಲ
• ವೇಗ (ಸದಿಶ) = ಸ್ಥಾನಪಲ್ಲಟ ÷ ಕಾಲ
• ವೇಗೋತ್ಕರ್ಷ = ವೇಗದ ಬದಲಾವಣೆ ÷ ಕಾಲ; ಮಾನ: ಮೀ./ಸೆ.²
• ಕಿ.ಮೀ./ಗಂಟೆ × 5/18 = ಮೀ./ಸೆ. (54 ಕಿ.ಮೀ./ಗಂಟೆ = 15 ಮೀ./ಸೆ.)

5. ನಕ್ಷೆಗಳು
• ಸ್ಥಾನ-ಕಾಲ ನಕ್ಷೆಯ ಇಳಿಜಾರು: ವೇಗ
• ವೇಗ-ಕಾಲ ನಕ್ಷೆಯ ಇಳಿಜಾರು: ವೇಗೋತ್ಕರ್ಷ
• ವೇಗ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣ: ಸ್ಥಾನಪಲ್ಲಟ

6. ಮಾದರಿ ಲೆಕ್ಕ: 300 ಮೀ. ಉದ್ದದ ರೈಲು, ಜವ 15 ಮೀ./ಸೆ.
• ಸಿಗ್ನಲ್ ಕಂಬ ದಾಟಲು: 300 ÷ 15 = 20 ಸೆಕೆಂಡು
• 60 ಮೀ. ಸೇತುವೆ ದಾಟಲು: (300 + 60) ÷ 15 = 24 ಸೆಕೆಂಡು

ಗೊಂದಲ ಬೇಡ
• ಸ್ಥಾನಪಲ್ಲಟದ ಪರಿಮಾಣ ಎಂದೂ ದೂರಕ್ಕಿಂತ ಹೆಚ್ಚಿರದು.
• ವೃತ್ತದಲ್ಲಿ ಏಕರೂಪ ಜವದಿಂದ ತಿರುಗುವ ವಸ್ತುವಿಗೂ ವೇಗೋತ್ಕರ್ಷವಿದೆ, ಏಕೆಂದರೆ ವೇಗದ ದಿಕ್ಕು ಬದಲಾಗುತ್ತದೆ.
• ಹೋಗುವಾಗ ಗಂಟೆಗೆ 30, ಬರುವಾಗ 20 ಕಿ.ಮೀ.: ಸರಾಸರಿ ಜವ 25 ಅಲ್ಲ, 24. ಸೂತ್ರ: 2 × ಗುಣಲಬ್ಧ ÷ ಮೊತ್ತ.
• ಸ್ಪೀಡೋಮೀಟರ್: ಜವ, ಓಡೋಮೀಟರ್: ದೂರ.

ರೈಲಿನ ಲೆಕ್ಕದಲ್ಲಿ ಸೇತುವೆಯ ಉದ್ದ ಕೂಡಿಸಲು ಮರೆತು ಅಂಕ ಕಳೆದುಕೊಳ್ಳಬೇಡಿ.