ಸಂಡೂರಿನ ಗಂಡಿ, ಹಂಪೆಯ ಬಂಡೆ

ಹೊಸಪೇಟೆಯ ಹೊರಗೆ ನಿಂತು ಸುತ್ತಲೂ ಕಣ್ಣು ಹಾಯಿಸಿದರೆ ಎರಡು ಬಗೆಯ ಬೆಟ್ಟಗಳು ಕಾಣಿಸುತ್ತವೆ. ಹಂಪೆಯ ಕಡೆಗಿರುವವು ಬೋಳು ಬೆಟ್ಟಗಳು. ಯಾರೋ ಬಂಡೆಗಳನ್ನು ತಂದು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುತ್ತವೆ. ದಕ್ಷಿಣಕ್ಕೆ ಸಂಡೂರಿನ ದಿಕ್ಕಿಗಿರುವವು ಇವಕ್ಕೆ ತೀರ ಭಿನ್ನ. ಅಲ್ಲಿ ಬಿಡಿಬಂಡೆಗಳಿಲ್ಲ, ಹುಲ್ಲು ಮತ್ತು ಕುರುಚಲು ಕಾಡು ಹೊದ್ದ ನುಣುಪಾದ ಇಳಿಜಾರು, ನೆತ್ತಿಯೋ ಕೋಟೆಯ ಗೋಡೆಯಂತೆ ಉದ್ದಕ್ಕೂ ಹೆಚ್ಚುಕಡಮೆ ಒಂದೇ ಮಟ್ಟ. ಮಳೆ, ಬಿಸಿಲು, ಗಾಳಿಗಳು ಎರಡಕ್ಕೂ ಸಮಾನವೇ. ಹಾಗಿದ್ದರೂ ಇಷ್ಟು ಹತ್ತಿರದಲ್ಲಿ ಇಷ್ಟು ಅಂತರವೇಕೆ? ಈ ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಟಿ.ಬಿ. ಡ್ಯಾಂ, ಹಂಪೆ, ದರೋಜಿ, ಸಂಡೂರುಗಳನ್ನು ಮೂರು ದಿನ ಸುತ್ತುವ ವಿದ್ಯಾರ್ಥಿಗೆ, ಭೂವಿಜ್ಞಾನದ ಪಾಠಪುಸ್ತಕದ ಅನೇಕ ಪುಟಗಳು ಕಣ್ಣೆದುರಿಗೇ ತೆರೆದುಕೊಳ್ಳುತ್ತವೆ.

ಪ್ರವಾಸವನ್ನು ಅಣೆಕಟ್ಟಿನಿಂದ ಆರಂಭಿಸುವುದು ಅನುಕೂಲ. ಮಲ್ಲಾಪುರದ ಬಳಿ ತುಂಗಭದ್ರೆ ಗುಡ್ಡಗಳ ನಡುವೆ ಇಕ್ಕಟ್ಟಾದ ದಾರಿಯಲ್ಲಿ ನುಸುಳಿ ಹೋಗುತ್ತದೆ. ಇಂಥ ಕಡೆ ಕಟ್ಟೆ ಚಿಕ್ಕದಾದರೂ ಸಾಕು, ಹಿಂದೆ ನಿಲ್ಲುವ ನೀರು ಅಪಾರ. 1945ರಲ್ಲಿ ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳು ಸೇರಿ ಶಂಕುಸ್ಥಾಪನೆ ಮಾಡಿದ ಈ ಕಟ್ಟೆಯಿಂದ 1953ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕಟ್ಟೆಯ ಬಹುಭಾಗ ಸಿಮೆಂಟಿನ ಕಾಂಕ್ರೀಟಲ್ಲ. ಸುಣ್ಣಕ್ಕೆ ಇಟ್ಟಿಗೆಯ ಪುಡಿ ಬೆರೆಸಿ ಮಾಡಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲುಕಟ್ಟಡ ಎಂಬುದು ಗಮನಿಸತಕ್ಕದ್ದು. ಕೋಡಿಗೆ 33 ಬಾಗಿಲುಗಳಿವೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ತುಂಡಾಗಿ ಬಾಗಿಲೇ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರನ್ನು ಹೊಳೆಗೆ ಬಿಟ್ಟು, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಎಪ್ಪತ್ತು ವರ್ಷ ನೀರಿನಲ್ಲಿ ನಿಂತ ಕಬ್ಬಿಣಕ್ಕೂ ಆಯುಸ್ಸಿದೆ. ಜಲಾಶಯಕ್ಕೂ ಇದೆ: ಆರಂಭದಲ್ಲಿ ಸುಮಾರು 132 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದುದು, ಹೂಳು ತುಂಬಿದ ಕಾರಣ 2016ರ ಅಳತೆಯ ಪ್ರಕಾರ ಸುಮಾರು 105ಕ್ಕೆ ಇಳಿದಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಬೆಟ್ಟಗಳು ಸವೆಯುತ್ತವೆ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಲೆಕ್ಕಪತ್ರ ಬೇಕಿಲ್ಲ.

ಹೊಸಪೇಟೆಯಿಂದ ಹಂಪೆಗೆ 13 ಕಿಲೋಮೀಟರು. ದೇವಾಲಯಗಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ನಾವಿಲ್ಲಿ ಅವನ್ನು ಹೊತ್ತ ಕಲ್ಲನ್ನು ನೋಡೋಣ. ಇದು ಗ್ರಾನೈಟು. ಭೂಮಿಯ ಆಳದಲ್ಲಿ ಕರಗಿದ ಶಿಲಾರಸ ನಿಧಾನವಾಗಿ ಆರಿ ಹರಳುಗಟ್ಟಿದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಒಡೆದ ಮುಖವನ್ನು ಹತ್ತಿರದಿಂದ ನೋಡಿರಿ: ಗಾಜಿನಂತೆ ಹೊಳೆಯುವುದು ಬೆಣಚು; ನಸುಗೆಂಪು ಅಥವಾ ಬಿಳಿಯ ಹರಳು ಫೆಲ್ಸ್ಪಾರು; ಕರಿಯ ಚುಕ್ಕೆಗಳಲ್ಲಿ ಹೆಚ್ಚಿನವು ಅಭ್ರಕ. ಈ ಮೂರರಲ್ಲಿ ಬೆಣಚು ನೀರಿಗೆ ಜಗ್ಗುವುದಿಲ್ಲ. ಫೆಲ್ಸ್ಪಾರು ಮಾತ್ರ ಬಹುಕಾಲ ತೇವದಲ್ಲಿದ್ದರೆ ಮೆತ್ತಗಾಗಿ ಜೇಡಿಯಾಗುತ್ತದೆ. ಆಗ ಕಲ್ಲಿನ ಕಟ್ಟು ಸಡಿಲುತ್ತದೆ.

ಆರುವಾಗ ಮತ್ತು ಮೇಲಿನ ಭಾರ ಕಳೆದಾಗ ಗ್ರಾನೈಟಿನಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳು ಮೂಡಿ, ಇಡೀ ಶಿಲೆ ದೊಡ್ಡ ದೊಡ್ಡ ಚೌಕಗಳಾಗಿ ಒಡೆದಿರುತ್ತದೆ. ನೆಲದೊಳಗೆ ಇಂಗಿದ ಮಳೆಯ ನೀರು ಈ ಬಿರುಕುಗಳಲ್ಲಿ ಇಳಿಯುತ್ತದೆ. ಒಂದು ಚೌಕವನ್ನು ಊಹಿಸಿಕೊಳ್ಳಿರಿ. ಅದರ ಮುಖಕ್ಕೆ ನೀರು ಒಂದೇ ಕಡೆಯಿಂದ ತಾಗುತ್ತದೆ. ಅಂಚಿಗೆ ಎರಡು ಕಡೆಯಿಂದ. ಮೂಲೆಗೆ ಮೂರು ಕಡೆಯಿಂದ. ಆದುದರಿಂದ ಮೂಲೆ ಎಲ್ಲಕ್ಕಿಂತ ಬೇಗ ಕೊಳೆಯುತ್ತದೆ, ಆಮೇಲೆ ಅಂಚು. ಚೌಕ ಹೀಗೆ ಮಣ್ಣಿನೊಳಗೇ ಗುಂಡಾಗುತ್ತದೆ. ಕೊಳೆತ ಭಾಗವನ್ನು ಮಳೆ ತೊಳೆದುಹಾಕಿದಾಗ ಒಳಗಿನ ಗಟ್ಟಿ ಗುಂಡುಗಳು ಇದ್ದಲ್ಲಿಯೇ ಒಂದರ ಮೇಲೊಂದು ನಿಲ್ಲುತ್ತವೆ. ಮಾತಂಗ ಪರ್ವತದ ಬಂಡೆಗಳನ್ನು ಯಾರೂ ಪೇರಿಸಲಿಲ್ಲ. ಅವುಗಳ ನಡುವೆ ಇದ್ದುದನ್ನು ನೀರು ತೆಗೆದುಹಾಕಿತು, ಅಷ್ಟೆ.

ವಿಜಯನಗರದ ಕಲ್ಲುಕುಟಿಗರು ಕಲ್ಲಿನ ಈ ಸ್ವಭಾವವನ್ನು ಚೆನ್ನಾಗಿ ಅರಿತಿದ್ದರು. ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳು ಈಗಲೂ ಕಾಣುತ್ತವೆ. ಗುಳಿಗಳಲ್ಲಿ ಬೆಣೆ ಹೊಡೆದರೆ ಕಲ್ಲು ಆ ಸಾಲಿಗೆ ಸರಿಯಾಗಿ ಸೀಳುತ್ತದೆ. ಗುಳಿಯ ಸಾಲು ಇದ್ದೂ ಸೀಳದೆ ಉಳಿದ ಬಂಡೆಗಳೂ ಅಲ್ಲಲ್ಲಿ ಇವೆ. ಅಂಥದೊಂದನ್ನು ಹುಡುಕುವುದು ಒಳ್ಳೆಯ ಆಟ. ನೀರು ಕಡಮೆಯಾದಾಗ ಹೊಳೆಯ ಬಂಡೆಗಳಲ್ಲಿ ದುಂಡು ಗುಂಡಿಗಳನ್ನೂ ನೋಡಬಹುದು. ಸುಳಿಯಲ್ಲಿ ಸಿಕ್ಕ ಬೆಣಚುಕಲ್ಲು ಬೈರಿಗೆಯಂತೆ ತಿರುಗಿ ಕೊರೆದ ಗುಂಡಿಗಳಿವು. ಅಣೆಕಟ್ಟಿನ ಬಳಿಯ ಮುದ್ಲಾಪುರದಿಂದ ಕಂಪ್ಲಿಯವರೆಗೆ ಹೊಳೆಯ 34 ಕಿಲೋಮೀಟರುಗಳನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿರಿಸಿತು. ಬೆಳಗಿನ ಹೊತ್ತು ಹರಿಗೋಲಿನವರನ್ನು ಕೇಳಿದರೆ ಅವು ಎಲ್ಲಿ ಕಾಣುತ್ತವೆಂದು ಹೇಳುತ್ತಾರೆ.

ಇದೇ ಬಂಡೆಗಳು ಮತ್ತೊಂದು ಪ್ರಾಣಿಗೆ ಮನೆ. ಹಂಪೆಯಿಂದ ಸುಮಾರು 15 ಕಿಲೋಮೀಟರು ದೂರದ ದರೋಜಿ ಕರಡಿಧಾಮ 1994ರಲ್ಲಿ ಸ್ಥಾಪಿತವಾಯಿತು. ಗುಂಡುಕಲ್ಲುಗಳ ನಡುವಿನ ತಂಪಾದ ಗವಿಗಳಲ್ಲಿ ಕರಡಿ ಹಗಲನ್ನು ಕಳೆಯುತ್ತದೆ, ಮರಿ ಹಾಕುತ್ತದೆ. ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಗೆದ್ದಲಿಗಾಗಿ ಅದರ ಬಾಯಿಯ ರಚನೆಯೇ ಬೇರೆಯಾಗಿದೆ: ಮೇಲಿನ ಸಾಲಿನ ನಡುವಣ ಎರಡು ಬಾಚಿಹಲ್ಲುಗಳಿಲ್ಲ. ಉದ್ದವಾದ ಉಗುರಿನಿಂದ ಹುತ್ತವನ್ನು ಒಡೆದು, ಮಣ್ಣನ್ನು ಊದಿ ತೆಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಕಂಡಿಯ ಮೂಲಕ ಗೆದ್ದಲನ್ನು ಸೊರ್ರನೆ ಹೀರುತ್ತದೆ. ತಾಯಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವುದು ಬೇರೆ ಕರಡಿಗಳಲ್ಲಿ ಸಾಮಾನ್ಯವಾಗಿ ಕಾಣದ ಪದ್ಧತಿ. ಇಲ್ಲಿ ಅರಣ್ಯ ಇಲಾಖೆಯವರು ಬಂಡೆಗೆ ಬೆಲ್ಲದ ಪಾಕ ಹಚ್ಚಿಟ್ಟು ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರದಿಂದ ತೋರಿಸುತ್ತಾರೆ. ಕರಡಿ ನೋಡಲು ಇದು ಸುಲಭವಾದ ಉಪಾಯವೇ ಹೌದು. ಆದರೆ ಹುತ್ತ ಒಡೆಯುವ ಕರಡಿಯನ್ನು ಕಂಡವನಿಗೆ ಬೆಲ್ಲ ನೆಕ್ಕುವ ಕರಡಿ ಅಷ್ಟು ರುಚಿಸದು.

ಇನ್ನು ಸಂಡೂರು. ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು. 1949ರವರೆಗೆ ಘೋರ್ಪಡೆ ಮನೆತನದವರ ಪುಟ್ಟ ಸಂಸ್ಥಾನವಾಗಿದ್ದ ಈ ಕಣಿವೆಯನ್ನು ಎರಡು ಬೆಟ್ಟಸಾಲುಗಳು ವಾಯವ್ಯದಿಂದ ಆಗ್ನೇಯಕ್ಕೆ ಬಳಸಿ ನಿಂತಿವೆ. ರಾಮನದುರ್ಗದ ಎತ್ತರ ಸಮುದ್ರಮಟ್ಟದಿಂದ 3,256 ಅಡಿ. ಬ್ರಿಟಿಷರು ಅದನ್ನು ಆರೋಗ್ಯಧಾಮವಾಗಿ ಬಳಸುತ್ತಿದ್ದರು. ಆಗ್ನೇಯ ಭಾಗದಲ್ಲಿ ಕುಮಾರಸ್ವಾಮಿ ಮತ್ತು ಪಾರ್ವತಿಯರ ಪುರಾತನ ದೇವಾಲಯಗಳಿವೆ.

ಇಲ್ಲಿನ ಶಿಲೆಗಳು ಹಂಪೆಯ ಗ್ರಾನೈಟಿಗಿಂತಲೂ ಹಳೆಯವು. ವಯಸ್ಸು ಸುಮಾರು 270 ಕೋಟಿ ವರ್ಷ. ಅವು ಆಳದಲ್ಲಿ ಹೆಪ್ಪುಗಟ್ಟಿದವಲ್ಲ. ಪುರಾತನ ಸಮುದ್ರದ ತಳದಲ್ಲಿ ಹರಿದ ಲಾವಾ ಮತ್ತು ಪದರು ಪದರಾಗಿ ಕುಳಿತ ಕೆಸರು. ಇಂಥ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನು ಕೊಟ್ಟವನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫುಟ್. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವನ ಗ್ರಂಥ 1895ರಲ್ಲಿ ಪ್ರಕಟವಾಯಿತು. ಪಕ್ಕದಿಂದ ಒತ್ತಿದಾಗ ಜಮಖಾನೆ ಮಡಿಸಿಕೊಳ್ಳುವಂತೆ ಈ ಪದರುಗಳು ಮಡಿಸಿಕೊಂಡವು. ಮಡಿಕೆಯ ಹಳ್ಳವೇ ಸಂಡೂರು ಕಣಿವೆ. ಅದರ ಎರಡು ಅಂಚುಗಳೇ ಬೆಟ್ಟಸಾಲುಗಳು.

ಆ ಕಾಲದ ವಾಯುಮಂಡಲದಲ್ಲಿ ಆಮ್ಲಜನಕ ಬಹು ವಿರಳ. ಆದುದರಿಂದ ಸಮುದ್ರದ ನೀರಿನಲ್ಲಿ ಕಬ್ಬಿಣ ಕರಗಿದ ಸ್ಥಿತಿಯಲ್ಲಿಯೇ ಇರಬಹುದಾಗಿತ್ತು. ಅದು ಆಮ್ಲಜನಕದೊಡನೆ ಸೇರಿದಾಗಲೆಲ್ಲ ತುಕ್ಕಿನಂತೆ ತಳಕ್ಕಿಳಿಯಿತು. ನಡುನಡುವೆ ಸಿಲಿಕದ ಪದರೂ ಕುಳಿತಿತು. ಹೀಗಾಗಿ ಇಲ್ಲಿಯ ಕಬ್ಬಿಣಶಿಲೆ ಕೆಂಪು, ಕಪ್ಪು, ಬಿಳಿ ಪಟ್ಟೆಗಳ ಸೀರೆಯಂಚಿನಂತೆ ಕಾಣುತ್ತದೆ. ಮುಂದೆ ಯುಗಯುಗಗಳ ಮಳೆನೀರು ಸಿಲಿಕವನ್ನು ಕರಗಿಸಿ ಒಯ್ದಿತು. ಕಬ್ಬಿಣ ಉಳಿದು ಬೆಟ್ಟದ ನೆತ್ತಿಯಲ್ಲಿ ಗಟ್ಟಿಯಾದ ಅದಿರಿನ ಟೊಪ್ಪಿಗೆಯಾಯಿತು. ಈ ಟೊಪ್ಪಿಗೆ ಸುಲಭವಾಗಿ ಸವೆಯದು. ನೆತ್ತಿ ಚಪ್ಪಟೆಯಾಗಿಯೂ ಇಳಿಜಾರು ನುಣುಪಾಗಿಯೂ ಇರುವುದು ಹೀಗೆ. ನಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ.

ಆದರೆ ಸಂಡೂರಿನಲ್ಲಿ ಇನ್ನೊಂದು ಪ್ರಶ್ನೆ ಕಾದಿದೆ. ಕಣಿವೆಯ ನೀರನ್ನೆಲ್ಲ ಹೊರಗೆ ಒಯ್ಯುವುದು ನಾರಿಹಳ್ಳ. ಸಾಮಾನ್ಯವಾಗಿ ಹಳ್ಳಗಳು ಕಣಿವೆಯ ಉದ್ದಕ್ಕೆ ಹರಿಯುತ್ತವೆ. ಇದಾದರೋ ಕಣಿವೆಗೆ ಅಡ್ಡಲಾಗಿ ಹರಿದು, ಒಂದು ಗೋಡೆಯನ್ನು ಓಬಳಗಂಡಿಯಲ್ಲಿಯೂ ಇನ್ನೊಂದನ್ನು ಭೀಮಗಂಡಿಯಲ್ಲಿಯೂ ಸೀಳಿದೆ. ಗಂಡಿ ಎಂದರೆ ಸಂದು. ನೇರಳೆಗಪ್ಪು ಬಣ್ಣದ ಕಬ್ಬಿಣಶಿಲೆಯ ಕಡಿದಾದ ಗೋಡೆಗಳ ನಡುವೆ ನಿಂತರೆ ಮೇಲೆ ಆಕಾಶದ ಪಟ್ಟಿ ಮಾತ್ರ ಕಾಣುತ್ತದೆ. ಬಯಲಿನಲ್ಲಿ ಸುತ್ತು ಹಾಕಿ ಹೋಗಬಹುದಾಗಿದ್ದ ಒಂದು ಸಣ್ಣ ಹಳ್ಳ, ಜಿಲ್ಲೆಯಲ್ಲೇ ಅತಿ ಗಟ್ಟಿಯಾದ ಕಲ್ಲನ್ನು ಎರಡು ಸಲ ಕೊರೆದುದು ಹೇಗೆ?

ಹಿಮಾಲಯದಲ್ಲಿ ಸತ್ಲೆಜ್ ನದಿಯೂ ಹೀಗೆಯೇ ಪರ್ವತವನ್ನು ಸೀಳಿದೆ. ಅಲ್ಲಿ ಕೊಡುವ ಸಮಾಧಾನ ಇದು: ನದಿ ಮೊದಲೇ ಇತ್ತು, ಪರ್ವತ ಆಮೇಲೆ ನಿಧಾನವಾಗಿ ಮೇಲೆದ್ದಿತು, ಏಳುತ್ತಿದ್ದಂತೆ ನದಿ ಗರಗಸದಂತೆ ಕೊಯ್ಯುತ್ತ ತನ್ನ ದಾರಿ ಉಳಿಸಿಕೊಂಡಿತು. ಸಂಡೂರಿಗೆ ಈ ಮಾತು ಒಪ್ಪುವುದಿಲ್ಲ. ಇಲ್ಲಿಯ ಪದರುಗಳು ಮಡಿಸಿಕೊಂಡು ನೂರಾರು ಕೋಟಿ ವರ್ಷಗಳಾಗಿವೆ. ಯಾವ ಹಳ್ಳವೂ ಅಷ್ಟು ಕಾಲ ಬಾಳದು. ಹೆಚ್ಚು ಸಂಭಾವ್ಯವಾದುದು ಎರಡನೆಯ ವಿವರಣೆ. ಒಂದಾನೊಂದು ಕಾಲದಲ್ಲಿ ನೆಲವೆಲ್ಲ ಈಗಿನ ಬೆಟ್ಟದ ನೆತ್ತಿಯ ಮಟ್ಟದಲ್ಲಿ ಸಮತಟ್ಟಾಗಿತ್ತು. ಹಳ್ಳ ಆ ಬಯಲಿನ ಮೇಲೆ ತನಗೆ ಬೇಕಾದಂತೆ ಹರಿಯುತ್ತಿತ್ತು. ನೆಲ ಸವೆಯತೊಡಗಿದಾಗ ಹಳ್ಳವೂ ತನ್ನ ಪಾತ್ರದಲ್ಲಿಯೇ ಕೆಳಕ್ಕೆ ಇಳಿಯಿತು. ಕೆಳಗೆ ಹುದುಗಿದ್ದ ಗಟ್ಟಿ ಪದರುಗಳು ಸಿಕ್ಕುವ ವೇಳೆಗೆ ಪಾತ್ರ ಆಳವಾಗಿಬಿಟ್ಟಿತ್ತು. ಪಕ್ಕಕ್ಕೆ ಸರಿಯಲು ದಾರಿಯಿರಲಿಲ್ಲ. ಮೆತ್ತನೆಯ ಶಿಲೆ ಕರಗಿ ಕಣಿವೆಯಾಯಿತು, ಗಟ್ಟಿ ಶಿಲೆ ಗೋಡೆಯಾಗಿ ನಿಂತಿತು, ಅದರಲ್ಲಿ ಹಳ್ಳದ ಗಾಯ ಗಂಡಿಯಾಗಿ ಉಳಿಯಿತು. ಅಮೆರಿಕದ ಅಪಲೇಶಿಯನ್ ಬೆಟ್ಟಗಳ ಗಂಡಿಗಳಿಗೂ ಅನೇಕರು ಇಂಥದೇ ಕಾರಣ ಹೇಳುತ್ತಾರೆ.

ಇದಕ್ಕೆ ಸಾಕ್ಷಿ ಯಾವುದು? ಮುಖ್ಯ ಸಾಕ್ಷಿ ಆ ನೆತ್ತಿಗಳ ಸಮಮಟ್ಟವೇ. ಒಂದು ಸಾಲಿನ ನೆತ್ತಿಯಿಂದ ಎದುರು ಸಾಲಿನ ನೆತ್ತಿಗೆ ಗೆರೆ ಎಳೆದರೆ ಹಳೆಯ ಬಯಲು ಕಣ್ಣಿಗೆ ಕಟ್ಟುತ್ತದೆ. ತೊಡಕಿರುವುದೂ ಇಲ್ಲಿಯೇ. ನೆತ್ತಿಯೇ ಅದಿರು. ದೋಣಿಮಲೆಯ ದೊಡ್ಡ ಗಣಿ ಆರಂಭವಾದುದು 1977ರಲ್ಲಿ. ಹೊಸ ಶತಮಾನದ ಮೊದಲ ದಶಕದಲ್ಲಿ ಅದಿರಿನ ಬೆಲೆ ಏರಿದಾಗ ಗಣಿಗಳು ಮಿತಿಮೀರಿ, ಸರ್ವೋಚ್ಚ ನ್ಯಾಯಾಲಯ 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಷರತ್ತುಗಳೊಡನೆ, ಜಿಲ್ಲೆಗೆ ವರ್ಷಕ್ಕೆ 250 ಲಕ್ಷ ಟನ್ನುಗಳ ಮಿತಿಯೊಳಗೆ ಮತ್ತೆ ಅವಕಾಶವಾಯಿತು. 2022ರಲ್ಲಿ ಮಿತಿಯನ್ನು 350 ಲಕ್ಷಕ್ಕೆ ಏರಿಸಲಾಯಿತು. ಉಕ್ಕು ಬೇಡವೆನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಈ ಲೇಖನವನ್ನು ಅಚ್ಚು ಮಾಡಿದ ಯಂತ್ರವೂ ಕಬ್ಬಿಣದ್ದೇ. ಆದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ನೆತ್ತಿಯ ಮೇಲೆ ಹಳೆಯ ಬಯಲಿನ ಗೆರೆಯನ್ನು ಎಳೆಯಲು ಬರುವುದಿಲ್ಲ. ಟೊಪ್ಪಿಗೆ ಹೋದ ಇಳಿಜಾರಿನ ಮಣ್ಣನ್ನು ಮಳೆ ಬೇಗ ಕೊಚ್ಚುತ್ತದೆ. ಆ ಕೆಂಪು ನೀರು ಇಳಿಯುವುದು ಹಳ್ಳಗಳಿಗೆ. ತಾರಾನಗರದ ಬಳಿ ನಾರಿಹಳ್ಳಕ್ಕೆ ಕಟ್ಟಿದ ಜಲಾಶಯವೂ ಆ ದಾರಿಯಲ್ಲಿಯೇ ಇದೆ.

ಹೋಗುವವರು ಮಳೆಗಾಲದ ಕೊನೆಗೆ, ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಹೋಗಬೇಕು; ಆಗ ಬೆಟ್ಟ ಹಸಿರಾಗಿರುತ್ತದೆ, ಹಳ್ಳದಲ್ಲಿ ನೀರಿರುತ್ತದೆ. ಗಣಿಯ ಎಲ್ಲೆಯೊಳಕ್ಕೂ ಕಾಯ್ದಿಟ್ಟ ಕಾಡಿನೊಳಕ್ಕೂ ಅನುಮತಿಯಿಲ್ಲದೆ ಕಾಲಿಡಬಾರದು. ಜೊತೆಗೆ ಮೆರುಗಿಲ್ಲದ ಬಿಳಿ ಪಿಂಗಾಣಿಯ ಒಂದು ಚೂರು ಇರಲಿ. ದಾರಿಬದಿಯ ಕರಿಯ ಕಲ್ಲನ್ನು ಅದರ ಮೇಲೆ ಉಜ್ಜಿ ನೋಡಿರಿ: ಇಟ್ಟಿಗೆಗೆಂಪು ಗೆರೆ ಬಿದ್ದರೆ ಹೆಮಟೈಟು, ಅಂದರೆ ಕಬ್ಬಿಣದ ಅದಿರು, ಗೆರೆ ಕಪ್ಪಾಗಿದ್ದು ಕೈಗೂ ಮಸಿ ಹತ್ತಿದರೆ ಬಹುಶಃ ಮ್ಯಾಂಗನೀಸು. ಬಳಿಕ ಅಷ್ಟೇ ಗಾತ್ರದ ಗ್ರಾನೈಟಿನ ತುಂಡೊಂದನ್ನು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಶುದ್ಧ ಹೆಮಟೈಟು ನೀರಿನ ಐದು ಪಟ್ಟಿಗಿಂತ ಹೆಚ್ಚು ತೂಗುತ್ತದೆ, ಗ್ರಾನೈಟು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಹಂಪೆಗೂ ಸಂಡೂರಿಗೂ ಇರುವ ಅಂತರ ತಕ್ಕಡಿಯಿಲ್ಲದೆಯೇ ಅಂಗೈಗೆ ತಿಳಿಯುತ್ತದೆ.